ಏರಿ ಹತ್ತಿದ ಅಲೆ

ತೂಬಗೆರೆ ಕಡೆಯ ನಮ್ಮೂರಿನ ಕೆರೆಗೆ ನಾನು ಇಪ್ಪತ್ತಾರು ವರ್ಷದಿಂದ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಕೆರೆ ಏರಿ ಕಾಯುವುದು ನೀರುಗಂಟಿಯ ಕೆಲಸ. ಗಂಡ ಸತ್ತ ಮೇಲೆ ನನಗೆ ಬಂತು. ಹೆಂಗಸಿನ ಕೈಲಾಗದು ಅಂದವರಿದ್ದರು. ಅವರ ಗದ್ದೆಗೂ ನಾನೇ ನೀರು ಬಿಟ್ಟೆ. ಈಗ ಹೇಳುವುದು, ಈಚೆಗೆ ನಮ್ಮ ಕಡೆಯ ಕೆರೆಗಳೆಲ್ಲ ಕೋಡಿ ಹರಿದವಲ್ಲ, ಆ ವರ್ಷದ ಒಂದು ದಿನದ ಕಥೆ. ದೀಪಾವಳಿ ಇನ್ನೂ ಬಂದಿರಲಿಲ್ಲ.

ಅದೇ ಬೇಸಿಗೆಯಲ್ಲಿ ಏರಿ ರಿಪೇರಿ ಆಗಿತ್ತು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಶಿಫ್ಟ್ ಹೋಗುವವರಿಗೆ ಏರಿ ಮೇಲೆ ಎರಡು ಬೈಕು ಎದುರುಬದುರು ದಾಟುವಷ್ಟು ದಾರಿ ಬೇಕಿತ್ತು. ಊರ ಕಡೆ ಅಗಲ ಮಾಡೋಣವೆಂದರೆ ಯಾರೂ ಗೇಣು ಜಾಗ ಬಿಡಲಿಲ್ಲ. ಹಾಗಾಗಿ ನೀರಿನ ಕಡೆಗೇ ಮಣ್ಣು ತುಂಬಿದರು. ಮೊದಲು ಏರಿಯ ಒಳಮೈ ಓರೆಯಾಗಿ, ಒರಟು ಕಲ್ಲು ಹೊದ್ದುಕೊಂಡು ನಿಧಾನಕ್ಕೆ ನೀರಿಗಿಳಿಯುತ್ತಿತ್ತು. ತೂಬಿನ ಹತ್ತಿರದ ತಿರುವಿನಲ್ಲಿ ಆ ಕಲ್ಲೆಲ್ಲ ಕಿತ್ತು, ಗೋಡೆಯ ಹಾಗೆ ಎಬ್ಬಿಸಿ, ಮೇಲೆ ನುಣ್ಣಗೆ ಸಿಮೆಂಟು ಬಳಿದರು. ಹಾವು ಸೇರುವುದಿಲ್ಲ, ಕಳೆ ಕೀಳುವುದು ತಪ್ಪಿತು ಎಂದು ನಾನೂ ಖುಷಿಪಟ್ಟೆ. ಚೆನ್ನಾಗಿದೆ ಎಂದು ಕಾಗದಕ್ಕೆ ರುಜುವನ್ನೂ ಹಾಕಿದೆ.

ಆ ದಿನ ಬೆಳಿಗ್ಗೆ ಮೂಡಣ ಗಾಳಿ ಎದ್ದಿತು. ಕೆರೆ ತುಂಬಿತ್ತು, ಅಲೆ ನೇರ ಏರಿಗೆ ಬಡಿಯುತ್ತಿತ್ತು. ಹಳೆಯ ಕಲ್ಲಿನ ಕಡೆ ಬಂದ ಅಲೆ ಕಲ್ಲುಸಂದಿಗೆ ನುಗ್ಗಿ, ಮುರಿದು, ಒಂದು ಮೊಳ ಏರಿ ಸುಸ್ತಾಗಿ ಹಿಂದೆ ಸರಿಯುತ್ತಿತ್ತು. ತಿರುವಿನಲ್ಲಿ ಹಾಗಿರಲಿಲ್ಲ. ಅಲ್ಲಿ ಏರಿ ಊರ ಕಡೆಗೆ ಕುಡುಗೋಲಿನಂತೆ ಬಾಗಿದೆ. ಎರಡೂ ಕಡೆಯ ಅಲೆ ಅಲ್ಲಿಗೇ ಬಂದು ಕೂಡಿ, ನುಣ್ಣನೆಯ ಸಿಮೆಂಟಿನ ಮೇಲೆ ಸರ್ರನೆ ಹತ್ತಿ, ದಾರಿ ದಾಟಿ ಆಚೆ ಬೀಳುತ್ತಿತ್ತು. ಆಚೆಯ ಮೈ ಬರೀ ಮಣ್ಣು. ನಾನು ನೋಡುವ ಹೊತ್ತಿಗೆ ಕಾಲು ಹೂಳುವಷ್ಟು ಆಳಕ್ಕೆ ಕೊರಕಲು ಬಿದ್ದಿತ್ತು. ಅದರ ನೇರಕ್ಕೆ ಕೆಳಗೆ ಹನ್ನೊಂದು ಮನೆ. ಮೊದಲನೆಯದರಲ್ಲಿ ಸೊಂಟ ಮುರಿದು ಮಲಗಿದ್ದವಳು ನನ್ನ ವಾರಗಿತ್ತಿ ಮುನಿಯಮ್ಮ.

ಇಳಿದು ಹೋಗಿ ಮನೆಮನೆಗೂ ಕೂಗಿದೆ. ಮಕ್ಕಳು ಮರಿ ಕಟ್ಟಿಕೊಂಡು ಎಲ್ಲರೂ ಎದ್ದರು, ಮುನಿಯಮ್ಮ ಏಳಲಿಲ್ಲ.

"ಮಂಚದ ಸಮೇತ ಎತ್ಕೊಂಡೋಗ್ತೀವಿ ಕಣೆ."

"ಎತ್ತಿದ್ರೆ ನೋವು ನಿಂಗಾಯ್ತದಾ? ಏರಿ ಕಾಯಾದು ನಿನ್ ಕೆಲ್ಸ. ಹೋಗಿ ಕಾಯಿ, ಹೋಗು."

ಅಷ್ಟರಲ್ಲಿ ಫೋನು ಹೋಗಿ ಇಲಾಖೆಯ ಇಂಜಿನಿಯರ್ ಬಂದ. ಅಳತೆಗಲ್ಲು ನೋಡಿದ. ನಿಂತ ನೀರಿಗೂ ಏರಿಯ ತಲೆಗೂ ನಡುವಿನ ಅಂತರಕ್ಕೆ ಅವರು ಫ್ರೀಬೋರ್ಡ್ ಅನ್ನುತ್ತಾರೆ.

"ಇನ್ನೂ ಮೂರಡಿ ಫ್ರೀಬೋರ್ಡ್ ಇದೆ. ಸುಮ್ನೆ ಊರೆಲ್ಲ ಯಾಕೆ ಎಬ್ಬಿಸಿದ್ರಿ ಅಜ್ಜಿ?"

"ನಿಂತ್ ನೀರು ಅಳೆದ್ಯಲ್ಲಪ್ಪ, ಹತ್ತೋ ನೀರು ಅಳಿ ಬಾ," ಎಂದು ತಿರುವಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಎರಡನೆಯ ಅಲೆಗೇ ಎದೆವರೆಗೂ ನೆಂದ. ಆಮೇಲೆ ಹಿಂತಿರುಗಿ ಕೊರಕಲು ನೋಡಿದ.

"ತೂಬು ಪೂರ್ತಿ ತೆಗೆದ್ರೆ?"

"ತೆಗ್ದಿದೀನಿ. ಅಷ್ಟು ನೀರು ಇಳಿಯಕ್ಕೆ ವಾರ ಬೇಕು. ನೀರು ಇಳಿಸಕ್ಕಾಗಲ್ಲ. ಅಲೆ ಮುರೀಬೇಕು."

ಹಿಂದೆ ಗಂಡ ಮಾಡುತ್ತಿದ್ದುದು ನೆನಪಿತ್ತು. ಪಕ್ಕದ ತೋಪಿನಿಂದ ನೀಲಗಿರಿ ಕೊಂಬೆಗಳನ್ನು ಎಲೆ ಸಮೇತ ಕಡಿಸಿದೆ. ಹೊರೆ ಕಟ್ಟಿ, ಹಗ್ಗ ಬಿಗಿದು, ತಿರುವಿನ ಮುಂದೆ ಸಾಲಾಗಿ ತೇಲಿಬಿಟ್ಟೆವು. ಅಲೆಯ ಸೊಕ್ಕು ಅರ್ಧ ಅಲ್ಲೇ ಇಳಿಯಿತು. ಆಮೇಲೆ ಕಲ್ಲು. ಬೇಸಿಗೆಯಲ್ಲಿ ಏರಿಯಿಂದ ಕಿತ್ತ ಕಲ್ಲನ್ನು ಊರವರು ಹಟ್ಟಿಗೆ, ಕಾಂಪೌಂಡಿಗೆ ಎಂದು ಹೊತ್ತೊಯ್ದಿದ್ದರು. ದಾರಿ ಅಗಲ ಮಾಡಿಸಲು ಮುಂದೆ ನಿಂತಿದ್ದ ಫ್ಯಾಕ್ಟರಿ ಮುನಿರಾಜು ಮೊದಲು ತನ್ನ ಕಾಂಪೌಂಡನ್ನೇ ಕೆಡವಿ ಟ್ರ್ಯಾಕ್ಟರಿಗೆ ತುಂಬಿದ.

"ಒಂದೊಂದೇ ಜೋಡಿಸ್ಲಾ ದೊಡ್ಡಮ್ಮ?"

"ನಿನ್ ಮನೆ ಅಲ್ಲ ಕಣೋ ಇದು, ಅಂದ ಯಾರಿಗ್ ಬೇಕು? ಸುರಿ!"

ಸಿಮೆಂಟಿನ ಬುಡದಿಂದ ನೀರೊಳಕ್ಕೆ ಓರೆಯಾಗಿ ಸುರಿದೆವು. ಒಂಬತ್ತು ಲೋಡು. ಇಂಜಿನಿಯರೂ ಕೈ ಹಾಕಿದ. ಹೆಂಗಸರು ಆಚೆಯ ಕೊರಕಲಿಗೆ ಮಣ್ಣಿನ ಚೀಲ ಒತ್ತಿದರು. ಹೊತ್ತು ಇಳಿಯುವಾಗ ಒಂದು ದೊಡ್ಡ ಅಲೆ ಬಂತು. ಎಲ್ಲರೂ ಕೈಬಿಟ್ಟು ನೋಡಿದೆವು. ಕಲ್ಲಿಗೆ ಬಡಿದು, ನೊರೆಯಾಗಿ, ಏರಿಯ ತಲೆಗೆ ಇನ್ನೂ ಒಂದು ಮೊಳವಿರುವಾಗ ನಿಂತು ಹಿಂದೆ ಹೋಯಿತು. ನಾನು ಅಲ್ಲೇ ಕುಳಿತೆ.

ಆಮೇಲೆ ಮನೆಯಲ್ಲೇ ಉಳಿದಿದ್ದ ಮುನಿಯಮ್ಮನ ಹತ್ತಿರ ಹೋದೆ.

"ಏರಿ ಉಳೀತು."

"ನಂಗೊತ್ತಿತ್ತು. ನೀನು ನೆಮ್ಮದಿಯಾಗಿ ಸಾಯಕ್ಕೂ ಬಿಡಲ್ಲ," ಎಂದು ನನ್ನ ಕೈ ಹಿಡಿದುಕೊಂಡಳು.

ಮುಂದಿನ ಬೇಸಿಗೆಯಲ್ಲಿ ಇಂಜಿನಿಯರ್ ತಿರುವಿನ ಸಿಮೆಂಟು ಒಡೆಸಿ, ಓರೆ ಮಾಡಿಸಿ, ಕಲ್ಲು ಹೊದಿಸಿದ. ಅಲ್ಲಿ ಈಗ ಒಂದೇ ಬೈಕು ಹೋಗುತ್ತದೆ. ಎದುರಿನವನು ಕಾಯಬೇಕು, ಕಾಯಲಿ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಕೆರೆ ಎಷ್ಟು ತುಂಬಿದೆ ಎಂದು ಅಳತೆಗಲ್ಲು ಹೇಳುತ್ತದೆ. ಅಲೆ ಎಲ್ಲಿವರೆಗೆ ಹತ್ತುತ್ತದೆ ಎಂದು ದಡದ ಮೈ ಹೇಳುತ್ತದೆ. ಗಾಳಿ ಎದ್ದ ದಿನ ನಾನು ತಿರುವಿಗೆ ಇಳಿದು, ಒದ್ದೆ ಹತ್ತಿದ ಕಡೆ ಸುಣ್ಣದ ಗೆರೆ ಎಳೆಯುತ್ತೇನೆ. ಗೆರೆ ಏರಿಯ ತಲೆಗಿಂತ ಒಂದು ಮೊಳ ಕೆಳಗಿದ್ದರೆ ಮನೆಗೆ ಬಂದು ಉಣ್ಣುತ್ತೇನೆ.