ಉಡಿದಾರದ ಸ್ಕ್ರೂಡ್ರೈವರು

ಸದಲಗಾದ ಮುರಗೆಪ್ಪ ಹವಾಲ್ದಾರ ಯಾರನ್ನೂ ನಂಬುವ ಆಸಾಮಿಯಲ್ಲ. ತನ್ನ ಎಮ್ಮೆಯ ಹಾಲನ್ನು ತಾನೇ ಹಿಂಡಿ ತಂದು, ಕಾಯಿಸುವ ಮುಂಚೆ ಬೆರಳದ್ದಿ ನೋಡುತ್ತಾನೆ, ಯಾರಾದರೂ ನೀರು ಬೆರೆಸಿದ್ದಾರೆಯೇ ಎಂದು. ಕಬ್ಬಿನ ಟ್ರ್ಯಾಕ್ಟರು ತೂಕದ ಕಾಟಾ ಹತ್ತಿದರೆ, ಬಗ್ಗಿ ನಾಲ್ಕೂ ಚಕ್ರ ನೋಡದೆ ಜಾಗ ಬಿಡುವುದಿಲ್ಲ. ಹೆಂಡತಿ ಲಕ್ಕವ್ವ ಮೊದಮೊದಲು ನಗುತ್ತಿದ್ದಳು. ಈಗ ಅದನ್ನೂ ಬಿಟ್ಟಿದ್ದಾಳೆ.

ಸೈನ್ಯದಿಂದ ನಿವೃತ್ತನಾದ ಮೇಲೆ ನಿಪ್ಪಾಣಿಯ ಒಂದು ಖಾಲಿ ತಂಬಾಕಿನ ಗೋದಾಮಿನಲ್ಲಿ ಅವನು ಹತ್ತು ಮೀಟರಿನ ಏರ್ ಪಿಸ್ತೂಲ್ ರೇಂಜು ಶುರುಮಾಡಿದ. ಸ್ಪರ್ಧೆಗೆ ಲಾಯಕ್ಕಾದ ಪಿಸ್ತೂಲು ಇದ್ದದ್ದು ಒಂದೇ. ಅದರ ಗುರಿ ಹಿಡಿಯುವ ಸೈಟನ್ನು ತಿರುಗಿಸುವ ಸಣ್ಣ ಸ್ಕ್ರೂಡ್ರೈವರನ್ನು ಅವನು ತನ್ನ ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಲಕ್ಕವ್ವ ಕುಂಕುಮದ ಬಟ್ಟಲು ಹಿಡಿದು ಬಂದಾಗ, "ನೀ ಮುಟ್ಟಬ್ಯಾಡ, ನಾನಽ ಮಾಡ್ತೀನಿ" ಎಂದು ಕುಡುಗೋಲು, ಕೊಡಲಿ, ಪಂಪಿನ ಪಾನಾಗಳ ಸಾಲಿನಲ್ಲಿ ಪಿಸ್ತೂಲನ್ನೂ ತಾನೇ ಇಟ್ಟು ಪೂಜೆ ಮುಗಿಸಿದ್ದ.

ಆ ಒಂದು ಪಿಸ್ತೂಲಿನಲ್ಲಿ ಇಬ್ಬರು ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಚಿಕ್ಕೋಡಿಯ ಹೈಸ್ಕೂಲಿನ ಆಟದ ಟೀಚರು ಶೈಲಾ. ಇನ್ನೊಬ್ಬ ಕೊಗನೊಳ್ಳಿಯ ಜೈನರ ಕಾಕಾಸಾಹೇಬರ ಮಗ ಕುಣಾಲ, ಓದು ಮುಗಿಸಿ ಕಬ್ಬಿನ ಹೊಲ ನೋಡಿಕೊಂಡಿದ್ದವನು. ಬೆಳಗಾವಿಯ ಆಯ್ಕೆಗೆ ರೇಂಜಿನಿಂದ ಒಬ್ಬರನ್ನಷ್ಟೇ ಕಳಿಸಬಹುದಿತ್ತು. ಆಯ್ಕೆಗೆ ಮುಂಚಿನ ಶನಿವಾರ ಯಾರ ಗುರಿ ಮೇಲೋ, ಅವರು ಹೋಗುವುದೆಂದು ಮಾತಾಗಿತ್ತು.

ಇಬ್ಬರ ಕಣ್ಣು ಒಂದೇ ತರಹ ಇರುವುದಿಲ್ಲ. ಹಿಂದಿನ ಸೈಟಿನ ಕಚ್ಚಿನ ನಡುವೆ ಮುಂದಿನ ಸೈಟಿನ ಕಂಬ ಸರಿಯಾಗಿ ನಿಂತು ಕಂಡರೂ, ಕುಣಾಲನಿಗೆ ಹೊಂದಿಸಿದ ಸೈಟಿನಲ್ಲಿ ಶೈಲಾ ಹೊಡೆದರೆ ಗುಂಡು ಎಡಕ್ಕೆ ಬೀಳುತ್ತಿತ್ತು. ಹೀಗಾಗಿ ಮೊದಲು ಕುಣಾಲ ಹೊಡೆದು ಮುಗಿಸುತ್ತಿದ್ದ. ಆಮೇಲೆ ಮುರಗೆಪ್ಪ ಸ್ಕ್ರೂ ತಿರುಗಿಸಿ ಸೈಟನ್ನು ಎರಡು ಕ್ಲಿಕ್ ಬಲಕ್ಕೆ ಸರಿಸಿ, ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಶೈಲಾಳ ಜೊತೆ ಚಹಾಕ್ಕೆ ಹೋಗುತ್ತಿದ್ದ. ಬಂದ ಮೇಲೆ ಅವಳ ಸರದಿ. ಅದು ಮುಗಿದರೆ ಮರುದಿನದ ಕುಣಾಲನಿಗಾಗಿ ಮತ್ತೆ ಎರಡು ಕ್ಲಿಕ್ ಎಡಕ್ಕೆ.

ದಸರೆ ಕಳೆದ ಮೇಲೆ ಶೈಲಾಳ ಗುಂಡು ಎಡಕ್ಕೆ ಹೋಗತೊಡಗಿತು. ನಾಲ್ಕೈದು ಏಟು ಎಡಕ್ಕೆ, ಆಮೇಲೆ ಇದ್ದಕ್ಕಿದ್ದಂತೆ ನಡುವಿಗೆ. ಮುರಗೆಪ್ಪ ಹುಬ್ಬು ಗಂಟಿಕ್ಕಿದ. ತಾನು ಬಲಕ್ಕೆ ಸರಿಸಿದ್ದನ್ನು ಯಾರೋ ಮತ್ತೆ ಎಡಕ್ಕೆ ತಿರುಗಿಸುತ್ತಿದ್ದಾರೆ. ಚಹಾದ ಹೊತ್ತಿನಲ್ಲಿ ಒಳಗೆ ಉಳಿಯುವವನು ಯಾರು? ಕುಣಾಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಡಬ್ಬಿ ಬಿಚ್ಚಿ ಕೂರುವವನು ಅವನೇ. ಶೈಲಾ ಸೋತರೆ ಬೆಳಗಾವಿಗೆ ಹೋಗುವವನೂ ಅವನೇ. ಸ್ಕ್ರೂಡ್ರೈವರು ತನ್ನ ಸೊಂಟದಲ್ಲಿದ್ದರೇನಾಯಿತು, ನಾಣ್ಯದ ಅಂಚು ಸಾಲದೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪೆಟ್ಟಿಗೆಗೆ ಇರುವೆ ಹತ್ತಿದ್ದನ್ನು ನೋಡಿದ ದಿನವಂತೂ ಅವನಿಗೆ ಕಳ್ಳ ಕೈಗೆ ಸಿಕ್ಕೇಬಿಟ್ಟ.

"ಕುಣಾಲ, ನಾವು ಚಾಕ್ಕ ಹೋದಾಗ ಒಳಗ ಏನ್ ಮಾಡ್ತಿ?"

"ಉಣ್ತೀನ್ರಿ ಕಾಕಾ. ಹೊತ್ತು ಮುಳುಗಿದ ಮ್ಯಾಲ ನಾವು ಉಣ್ಣೂದಿಲ್ಲ, ನಿಮಗ ಗೊತ್ತೈತಿ."

"ಇವತ್ತೇನು ತಂದಿ?"

"ಅವ್ವ ಶೇಂಗಾ ಹೋಳಿಗಿ ಕೊಟ್ಟಾಳ."

"ಅದಕ್ಕಽ ಪೆಟಗಿಗೆ ಇರಿವಿ ಹತ್ಯಾವ. ಹೋಳಿಗಿ ತಿಂದ ಕೈಲೆ ಸೈಟ್ ತಿರುವಿದ್ರ ಇರಿವಿ ಬಿಡ್ತಾವೇನು?"

ಕುಣಾಲ ಒಮ್ಮೆ ತನ್ನ ಕೈ ನೋಡಿಕೊಂಡ. ಮುರಗೆಪ್ಪನಿಗೆ ಅಷ್ಟು ಸಾಕಾಯಿತು. "ನೋಡ್ರಿ ಟೀಚರ್, ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ನಂತ."

ಶೈಲಾ ನೆಲ ನೋಡಿದಳು. ಕುಣಾಲ ಏರುದನಿಯಲ್ಲಿ ಮಾತಾಡಲಿಲ್ಲ. "ನಾ ಮುಟ್ಟಿಲ್ರಿ," ಎಂದ. "ನಿಮಗ ಹಂಗ ಅನಿಸಿದ್ರ ನಾಳಿಂದ ಬರೂದಿಲ್ಲ." ಅರ್ಧ ಉಂಡ ಡಬ್ಬಿ ಮುಚ್ಚಿಕೊಂಡು ಹೊರಟುಹೋದ. ಮುರಗೆಪ್ಪನಿಗೆ ಹಗುರವಾಯಿತು. ಕಳ್ಳತನ ಹಿಡಿದ ದಿನ ಅವನಿಗೆ ಊಟ ರುಚಿಸುತ್ತದೆ.

ಮರುದಿನ ಕುಣಾಲನ ಸರದಿಯನ್ನು ಮುರಗೆಪ್ಪ ತಾನೇ ಹೊಡೆದ. ಆಮೇಲೆ ಎಂದಿನಂತೆ ಶೈಲಾಳಿಗಾಗಿ ಎರಡು ಕ್ಲಿಕ್ ಬಲಕ್ಕೆ ತಿರುಗಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನೂ ಉಡಿದಾರಕ್ಕೆ ಕಟ್ಟಿಕೊಂಡು ಚಹಾ ಕುಡಿದು ಬಂದ. ಶೈಲಾ ಹೊಡೆದಳು. ಗುಂಡು ಎಡಕ್ಕೇ ಬಿತ್ತು.

ಮುರಗೆಪ್ಪ ನಿಧಾನವಾಗಿ ಅವಳ ಕಡೆ ತಿರುಗಿದ.

"ನನ್ನ ಕಡೆ ಯಾಕ ನೋಡ್ತೀರಿ ಸರ? ನಿಮ್ಮ ಜೋಡಿನಽ ಚಾ ಕುಡಿಯಾಕತ್ತಿದ್ದೆ," ಎಂದಳು ಶೈಲಾ. "ಸೈಟ್ ಬಿಚ್ಚಿ ನೋಡ್ರಿ. ಇನ್ನ ಸಂಶೇ ಪಡಾಕ ಯಾರೂ ಉಳದಿಲ್ಲ."

ಅವನು ಬಿಚ್ಚಿದ. ಈ ಸೈಟಿನ ಸ್ಕ್ರೂ ಎಡಕ್ಕೆ ಮಾತ್ರ ಎಳೆಯುತ್ತದೆ. ಬಲಕ್ಕೆ ವಾಪಸು ತಳ್ಳುವುದು ಒಳಗಿನ ಸಣ್ಣ ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗು ತುಕ್ಕು ಹಿಡಿದು, ಕೆಂಪು ಅಂಟಿನಲ್ಲಿ ಹೂತುಹೋಗಿತ್ತು. ಕುಂಕುಮ. ಅದರಲ್ಲೊಂದು ತೆಂಗಿನ ನಾರು, ಎರಡು ಸತ್ತ ಇರುವೆ. ಸ್ಕ್ರೂ ಕ್ಲಿಕ್ ಎಂದರೂ ಸೈಟು ಕೂತಲ್ಲೇ ಕೂತಿರುತ್ತಿತ್ತು, ನಾಲ್ಕೈದು ಏಟಿನ ಅದುರುವಿಕೆಗೆ ಸಡಿಲಾಗಿ ಬಲಕ್ಕೆ ಹಾರುತ್ತಿತ್ತು. ಎಡಕ್ಕೆ ಸ್ಕ್ರೂ ಗಟ್ಟಿಯಾಗಿ ಎಳೆಯುತ್ತಿದ್ದುದರಿಂದ ಕುಣಾಲನ ಗುರಿ ತಪ್ಪುತ್ತಿರಲಿಲ್ಲ.

ಖಂಡೇಪೂಜೆಯ ದಿನ ಕಾಯಿ ಒಡೆದು, ಸಿಹಿನೀರನ್ನು ಕೊಡಲಿಗೆ ಚಿಮುಕಿಸಿದಂತೆಯೇ ಪಿಸ್ತೂಲಿಗೂ ಚಿಮುಕಿಸಿ, ಹೆಬ್ಬೆರಳಿನಿಂದ ಸೈಟಿನ ಮೇಲೆ ಕುಂಕುಮ ಒತ್ತಿದವನು ಯಾರು? ಲಕ್ಕವ್ವ ಮುಟ್ಟಿದ್ದರೆ ತಪ್ಪನ್ನು ಅವಳ ಮೇಲಾದರೂ ಹಾಕಬಹುದಿತ್ತು. ಅವಳನ್ನೂ ದೂರ ಇಟ್ಟಿದ್ದ. ಮುರಗೆಪ್ಪನಿಗೆ ಬಹಳ ನಾಚಿಕೆಯಾಯಿತು.

ತೊಳೆದರೆ ಸರಿಹೋಗುವ ಸ್ಥಿತಿ ಅದಾಗಿರಲಿಲ್ಲ. ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಅದೇ ಕಂಪನಿಯ ಪಿಸ್ತೂಲಿನ ಸೈಟು ಕಳಚಿ ಇದಕ್ಕೆ ಕೂರಿಸಿದ. ಎರಡು ಕ್ಲಿಕ್ ಬಲಕ್ಕೆ ತಿರುಗಿಸಿ ಹೊಡೆದು ನೋಡಿದ, ಎರಡು ಕ್ಲಿಕ್ ಎಡಕ್ಕೆ ತಿರುಗಿಸಿ ನೋಡಿದ. ಸೈಟು ಹೇಳಿದ ಮಾತು ಕೇಳಿತು. ಹಳೆಯದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಶುಕ್ರವಾರ ಬೆಳಿಗ್ಗೆ ಕೊಗನೊಳ್ಳಿಯ ಬಸ್ಸು ಹತ್ತಿದ.

ಕುಣಾಲ ಹೊಲದಲ್ಲಿ ಡ್ರಿಪ್ ಪೈಪು ಜೋಡಿಸುತ್ತಿದ್ದ. ಮುರಗೆಪ್ಪ ಕರವಸ್ತ್ರ ಬಿಚ್ಚಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದ. "ತಪ್ಪು ನಂದಽ ಐತಿ, ತಮ್ಮಾ. ನಾಳೆ ಬಾ."

ಕುಣಾಲ ಸೈಟನ್ನು ನೋಡಿದ, ಮುಟ್ಟಲಿಲ್ಲ. "ಹಬ್ಬದ ಮರುದಿನಾನಽ ನೋಡಿದ್ದೆ ಕಾಕಾ. ಸೈಟಿನ ಸಂದ್ಯಾಗ ಕುಂಕುಮ ಇತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಏನಂತಿದ್ರಿ?"

ಮುರಗೆಪ್ಪ ಯೋಚಿಸಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅಷ್ಟು ಹತ್ತಿರ ಹೋಗಿ ಸೈಟ್ ಯಾಕ ನೋಡಾಕತ್ತಿದ್ದಿ ಅಂತಿದ್ದೆ."

"ಅದಕ್ಕಽ ಹೇಳ್ಲಿಲ್ಲ."

ಮುರಗೆಪ್ಪ ಅಂಗಿ ಎತ್ತಿ, ಉಡಿದಾರದ ಗಂಟು ಬಿಚ್ಚಿ ಸ್ಕ್ರೂಡ್ರೈವರನ್ನು ಅವನ ಮುಂದೆ ಹಿಡಿದ. ಅದನ್ನು ಇನ್ನೊಬ್ಬರಿಗೆ ಕೊಡಲು ಬಿಚ್ಚಿದ್ದು ಅವನ ಜೀವನದಲ್ಲಿ ಅದೇ ಮೊದಲು. "ಇನ್ನ ಮ್ಯಾಲ ಇದು ನಿನ್ನ ಕಡೆ ಇರಲಿ. ನಿನ್ನ ಸೈಟ್ ನೀನಽ ತಿರುವ್ಕೊ."

"ನಾಳೆ ಬರ್ತೀನಿ ಕಾಕಾ. ಹೊಡಿತೀನಿ," ಎಂದ ಕುಣಾಲ. ಕೈ ಮಾತ್ರ ಚಾಚಲಿಲ್ಲ. "ಅದನ್ನ ನೀವಽ ಇಟ್ಗೋರಿ. ಮುಂದ ಮತ್ತೇನರೆ ಹೆಚ್ಚುಕಮ್ಮಿ ಆದ ದಿನ ಅದು ನನ್ನ ಕೈಯಾಗ ಇರಬಾರದು."

ಅಷ್ಟು ಹೇಳಿ ಅವನು ಮತ್ತೆ ಪೈಪಿನ ಕಡೆ ಬಗ್ಗಿದ. ಮುರಗೆಪ್ಪ ಬದುವಿನ ಮೇಲೆ ನಿಂತು ಸ್ಕ್ರೂಡ್ರೈವರನ್ನು ಮತ್ತೆ ಉಡಿದಾರಕ್ಕೆ ಕಟ್ಟಿಕೊಳ್ಳಲು ನೋಡಿದ. ಗಂಟು ಬೇಗ ಬೀಳಲಿಲ್ಲ.