ನಮ್ಮ ನೆರಳಲ್ಲಿ ಆಕೆಯ ಸಾಲು

ಮಾನ್ವಿಯಲ್ಲಿ ನಮ್ಮ ಕಿರಾಣಿ ಅಂಗಡಿಯ ಎದುರಿಗೇ ಇನ್ನೊಂದು ಕಿರಾಣಿ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬಳೇ ನಡೆಸುವ ಹೆಂಗಸನ್ನು ಓಣಿಯೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತದೆ. ನಾನೂ ಹಾಗೇ ಕರೆಯುತ್ತೇನೆ. ನಮ್ಮದು ದೊಡ್ಡ ಅಂಗಡಿ, ಆಕೆಯದು ಸಣ್ಣದು. ಲಾಕ್‌ಡೌನ್ ಬರುವ ತನಕ ಆಕೆಯನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಪ್ರಸಂಗವೇ ನನಗೆ ಬಂದಿರಲಿಲ್ಲ.

ರಸ್ತೆಗಳು ಬಂದಾದವು. ರಾಯಚೂರಿನ ಸಗಟು ಪೇಟೆ ಗಂಜಿನಿಂದ ಗಾಡಿ ಇಲ್ಲ, ದೇವದುರ್ಗದ ಕಡೆಯಿಂದಲೂ ಇಲ್ಲ. ನೋಡನೋಡುತ್ತ ತೊಗರಿಬೇಳೆಯ ದರ ಏರಿತು. ಆಗ ಅಧಿಕಾರಿಗಳು ಜೀಪಿನಲ್ಲಿ ಬಂದು, ಬೇಳೆ, ಎಣ್ಣೆ, ಸಕ್ಕರೆಗೆ ಇಷ್ಟೇ ದರ ತಗೋಬೇಕೆಂದು ಬರೆದ ಹಲಗೆಯನ್ನು ಎರಡೂ ಅಂಗಡಿಗೆ ತೂಗುಹಾಕಿಸಿದರು. ಆ ದರದಲ್ಲಿ ನಮಗೆ ಉಳಿಯುವುದೇನೂ ಇರಲಿಲ್ಲ. ಆದರೂ ನಾನು, ನನ್ನ ಗಂಡ ಅದೇ ದರಕ್ಕೆ ಮಾರಿದೆವು, ಕೇಳಿದವರಿಗೆ ಕೇಳಿದಷ್ಟು. ಮೊದಲು ಬಂದವರು ಚೀಲ ತುಂಬಿಕೊಂಡು ಹೋದರು.

ಆಪಾ ಮಾತ್ರ ಯಾರೇ ಬಂದರೂ ಪಾವು ಕಿಲೋ, ಇನ್ನೂರೈವತ್ತು ಗ್ರಾಂ, ಬೇಳೆಯನ್ನಷ್ಟೇ ಕಟ್ಟುತ್ತಿದ್ದಳು.

"ಇಷ್ಟು ಒಯ್ದು ಏನ್ ಮಾಡ್ಲೆವಾ, ಮನಿ ತುಂಬ ಮಂದಿ ಅದಾರ" ಎಂದು ಗೊಣಗುತ್ತ ಜನ ನಮ್ಮ ಕಡೆ ದಾಟಿ ಬರುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ನಮ್ಮ ಚೀಲಗಳು ಬರಿದಾದಾಗ ಆ ಖುಷಿ ಮುಗಿಯಿತು. ಊದಿನಕಡ್ಡಿ, ಫಿನಾಯಿಲು, ಬಟ್ಟೆ ಸೋಪು ಬಿಟ್ಟರೆ ಅಂಗಡಿಯಲ್ಲಿ ಏನೂ ಉಳಿಯಲಿಲ್ಲ. ಆಕೆಯ ಅಂಗಡಿಗೆ ಸಾಲು ಹತ್ತಿತು. ಬಿಸಿಲು ಉರಿಯುತ್ತಿತ್ತು, ಸಾಲು ರಸ್ತೆ ದಾಟಿ ನಮ್ಮ ತಗಡಿನ ಚಪ್ಪರದ ಕೆಳಗೆ ಬಂದು ನಿಂತಿತು. ನಿಂತವರೆಲ್ಲ ವರ್ಷಗಟ್ಟಲೆ ನಮ್ಮ ಗಿರಾಕಿಗಳು. ಚೀಕಲಪರ್ವಿಯಿಂದ ಬರುತ್ತಿದ್ದ ಮುದುಕಿಯೊಬ್ಬಳು ನನ್ನ ಮುಖ ನೋಡಿ, "ನೆಳ್ಳಿಗೆ ನಿಂತೀನವಾ, ಏನೂ ತಿಳ್ಕೋಬ್ಯಾಡ" ಅಂದಳು. ತಿಳಿದುಕೊಳ್ಳದೆ ಹೇಗಿರಲಿ? ನೆರಳು ನಮ್ಮದು, ಸಾಲು ಆಕೆಯದು.

ಒಂದು ದಿನ ನನ್ನ ಅತ್ತೆಯೇ ಕೈಚೀಲ ಹಿಡಿದು ಆ ಸಾಲಿಗೆ ಹೊರಟರು.

"ಅಂಗಡಿ ಇಟಗೊಂಡು ಎದುರಂಗಡಿಗಿ ಹೊಂಟೀರೇನ್ರಿ ಅತ್ತಿ?"

"ಬ್ಯಾಳಿ ಇಲ್ಲದ ಅಂಗಡಿ ತಗೊಂಡು ಏನ್ ಮಾಡ್ಲಿ? ಆಕಿನ್ನ ನೋಡು, ಕಡಿಗಿ ಬಂದಾರಿಗೂ ಸಿಗೂವಂಗ ಕೊಡಾಕತ್ಯಾಳ. ಆಕಿಗೆ ಬುದ್ಧಿ ಅದ."

ಅಂದು ಮಧ್ಯಾಹ್ನದ ಸಾರು ಆಕೆಯ ಬೇಳೆಯದು. ಎಲೆಯ ಮುಂದಿನಿಂದ ಎದ್ದವಳೇ ಕಲ್ಲೂರಿಗೆ, ತವರಿಗೆ, ಫೋನು ಹಚ್ಚಿದೆ. ಅಣ್ಣನ ಮನೆಯಲ್ಲಿ ತೊಗರಿ ಇತ್ತು, ಊರಲ್ಲೇ ಬೇಳೆ ಮಾಡುವ ಗಿರಣಿ ಇತ್ತು, ಹೊಲದ ಕೆಲಸದ ಟ್ರ್ಯಾಕ್ಟರನ್ನು ಪೊಲೀಸರು ತಡೆಯುತ್ತಿರಲಿಲ್ಲ.

"ಹಲಗಿ ಮ್ಯಾಲಿನ ದರಕ್ಕ ಮಾರ್ತಿಯಾ? ರಸ್ತಾ ತೆರೀಲಿ, ಗಂಜಿನ್ಯಾಗ ಇನ್ನೂ ಛಲೋ ದರ ಬರ್ತದ" ಅಂದ ಅಣ್ಣ.

"ದರ ಬ್ಯಾಡ ನನಗ. ನಮ್ಮ ಅಂಗಡಿಗಿ ಸಾಲು ಹತ್ತಬೇಕು, ಅಷ್ಟ."

ಅಣ್ಣ ನಕ್ಕ. ಆದರೆ ಬೇಳೆ ಕಳಿಸಿದ. ಅಷ್ಟು ಹೊತ್ತಿಗೆ ಆಪಾನ ದಾಸ್ತಾನೂ ತೀರಿತ್ತು. ನಾನೂ ಆಕೆಯ ಹಾಗೇ, ಜನ ದೂರ ದೂರ ನಿಲ್ಲಲೆಂದು ಸುಣ್ಣದಲ್ಲಿ ಗೆರೆ ಎಳೆದು, ಪಾವು ಪಾವು ಕಟ್ಟತೊಡಗಿದೆ. ಸಾಲು ನಮ್ಮ ಕಡೆ ತಿರುಗಿತು. ತಕ್ಕಡಿ ಹಿಡಿದು ಕೂತವಳಿಗೆ ಊರೇ ನನ್ನ ಕೈಯಲ್ಲಿದ್ದಂತೆ ಅನಿಸಿತು.

ಆಗ ಸಾಲಿನ ತುದಿಗೆ ಆಪಾ ಬಂದು ನಿಂತಳು.

ಆಕೆ ನನ್ನ ಬಾಗಿಲಿಗೆ ಬರುವುದನ್ನು ಎಷ್ಟು ಸಲ ಮನಸ್ಸಿನಲ್ಲೇ ನೋಡಿ ಸುಖಪಟ್ಟಿದ್ದೆನೋ. ಆದರೆ ಆಕೆಯನ್ನು ಕಂಡದ್ದೇ ಸಾಲಿನಲ್ಲಿದ್ದವರೆಲ್ಲ ಹಿಂದೆ ತಿರುಗಿದರು. "ಯಾಕ್ರಿ ಆಪಾ ಬಿಸಲಾಗ ನಿಂತೀರಿ? ಮುಂದ ಬರ್ರಿ, ಮುಂದ ಬರ್ರಿ" ಎಂದು ದಾರಿ ಬಿಟ್ಟರು. ಅಂಗಡಿ ನನ್ನದು, ಬೇಳೆ ನನ್ನ ತವರಿನದು, ಮರ್ಯಾದೆ ಆಕೆಗೆ!

"ನಕೋ, ನಕೋ. ನನ್ನ ಅಂಗಡ್ಯಾಗ ಯಾರಿಗೂ ಮುಂದ ಕರದಿಲ್ಲ, ಇಲ್ಲಿ ಹ್ಯಾಂಗ ಬರಲಿ?" ಎಂದು ಆಕೆ ಅಲ್ಲೇ ನಿಂತಳು.

ಸರದಿ ಬಂದಾಗ ಪಾವು ಕಿಲೋ ತೂಗಿದೆ. ಇನ್ನಷ್ಟು ಕೊಡು ಎಂದು ಕೇಳಲಿ, ಇಲ್ಲ ಅನ್ನುತ್ತೇನೆ ಎಂದು ಕಾದೆ. ಆಕೆ ಕೇಳಲಿಲ್ಲ. ನಾಲ್ಕು ಕಾಳು ಬೇಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಭಾಳ ಛಲೋ ಅದ ಅಕ್ಕಾ. ಎಲ್ಲಿಂದ ತರಿಸೀರಿ?" ಅಂದಳು.

"ತವರಿಂದ" ಎಂದೆ, ತಲೆ ಎತ್ತದೆ.

ಮುಂದೆ ರಸ್ತೆಗಳು ತೆರೆದವು, ಹಲಗೆಗಳು ಇಳಿದವು. ಆಕೆಯ ಕಡೆ ಹೋದ ಗಿರಾಕಿಗಳಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಗಾಡಿಯ ಬಾಡಿಗೆ ಉಳಿಯಲೆಂದು ಈಗ ಇಬ್ಬರೂ ಸೇರಿ ಗಂಜಿನಿಂದ ಒಂದೇ ಗಾಡಿಯಲ್ಲಿ ಮಾಲು ತರಿಸುತ್ತೇವೆ. ಆ ಯೋಚನೆಯೂ ಆಕೆಯದೇ. ಗಾಡಿ ಬಂದಾಗ ಆಕೆ ನನಗೆ ಚಹಾ ಕಳಿಸುತ್ತಾಳೆ. ಚಹಾ ಚೆನ್ನಾಗಿಯೇ ಇರುತ್ತದೆ. ಕುಡಿಯುತ್ತ ನಾನು, ಆಕೆಯ ಕಡೆ ಇಳಿಯುವ ಚೀಲಗಳು ನಮ್ಮವಕ್ಕಿಂತ ಹೆಚ್ಚಿವೆಯೋ ಏನೋ ಎಂದು ನೋಡುತ್ತಿರುತ್ತೇನೆ.