ಕಾಕಾ ಕಿತ್ತ ಬಳ್ಳಿ

ಕುಕ್ಕರಗಾಲಿನಲ್ಲಿ ಕೂತರೆ ಕಾಕಾನ ಮೊಣಕಾಲುಗಳು ಕಿವಿಯವರೆಗೆ ಬರುತ್ತಿದ್ದವು. ಹಾಗೆ ಕೂತು, ಜ್ವರ ನೋಡುವವರಂತೆ ಕೈಯ ಹಿಂಬದಿಯಿಂದ ಮರಳನ್ನು ಮುಟ್ಟುತ್ತಿದ್ದರು. ಇದು ಸರಿಯಾದ ನೆನಪೋ, ಆಮೇಲೆ ನಾನು ಸೇರಿಸಿಕೊಂಡದ್ದೋ, ಖಚಿತವಿಲ್ಲ.

ಅವರು ನಂಟರಲ್ಲ, ಬಸವಕಲ್ಯಾಣದ ಹತ್ತಿರದ ಮುಡಬಿಯವರು. ಹುಮನಾಬಾದಿನ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದವರು. ಎಪ್ಪತ್ತರ ದಶಕದಲ್ಲಿ ನಾನು ಕಾರವಾರದ ಕಡೆ ಕಡಲಂಚಿನ ಮರಳುದಿಬ್ಬಗಳ ಮೇಲೆ ಸಂಶೋಧನೆ ಮಾಡುವಾಗ ಜೊತೆಗೆ ಕರೆದೊಯ್ದೆ. ಮೊದಲ ದಿನ ಕಡಲು ನೋಡಿ, "ಇಷ್ಟ ನೀರದ, ಒಂದ್ ಎಮ್ಮೀಗೂ ಕುಡಿಲಾಕ ಬರಾಂಗಿಲ್ಲ. ಇದ್ಯಾನ ಸಿರಿವಂತಿಕಿ ತಮ್ಮಾ?" ಎಂದು ನಕ್ಕರು.

ದಿಬ್ಬದಲ್ಲಿ ಕೋಲು ನೆಟ್ಟಿದ್ದೆವು. ಕೋಲು ಹೆಚ್ಚು ಹೊರಗೆ ಕಂಡಷ್ಟೂ ದಿಬ್ಬ ಸವೆದಿದೆ ಎಂದರ್ಥ. ಕಾಕಾ ದಾರಕ್ಕೆ ಗಂಟು ಹಾಕಿ ಅಳತೆ ಇಡುತ್ತಿದ್ದರು. ಒಂದು ಗಂಟೂ ತಪ್ಪಿರಲಿಲ್ಲ.

ಒಂದು ಬೇಸಿಗೆ ನಾನು ಎರಡು ತಿಂಗಳು ವಿಶ್ವವಿದ್ಯಾಲಯದಲ್ಲಿದ್ದೆ. ಮರಳಿ ಬಂದಾಗ ಕೋಲುಗಳು ಮೊಳದುದ್ದ ಬೆತ್ತಲಾಗಿದ್ದವು. ಸುತ್ತ ಹಬ್ಬಿದ್ದ ಬಳ್ಳಿ ಒಂದೂ ಇರಲಿಲ್ಲ.

"ಮಳಿ ಮುಂದ ಹೊಲ ಹಸನ ಮಾಡ್ದಂಗ ಮಾಡೀನಿ. ಕಸಾ ಭಾಳ ಬೆಳದಿತ್ತು," ಎಂದರು ಹೆಮ್ಮೆಯಿಂದ.

ಮರಳನ್ನು ಹಿಡಿದಿದ್ದು ಆ ಬಳ್ಳಿಯೇ ಎಂದೆ. ಅವರು ಕೈಯ ಹಿಂಬದಿಯಿಂದ ಮರಳನ್ನು ಮುಟ್ಟಿ ನೋಡಿದರು.

"ಹಂಗಾರ ನಾನ ಕೊಂದೆ ಅನ್ನು. ಬರಿ ತಮ್ಮಾ, ನನ್ನಿಂದ ಆತಂತ ಬರಿ. ಮುಂದ ಬರಾವ್ರಿಗೆ ತಿಳೀಲಿ."

ನಿಜ ಬರೆದರೆ ಆ ಅಳತೆಗಳೆಲ್ಲ ವ್ಯರ್ಥ; ಮತ್ತೆ ಕೋಲು ನೆಟ್ಟು ಅಳೆಯಲು ಇನ್ನೊಂದು ವರ್ಷ ಬೇಕಿತ್ತು. ನನಗೆ ಪದವಿ ಬೇಕಿತ್ತು. ಸವಕಳಿಗೆ ಗಾಳಿ ಕಾರಣ ಎಂದು ಪ್ರಬಂಧದಲ್ಲಿ ಬರೆದೆ. ಕಾಕಾ, "ಓದಿ ಹೇಳು," ಎಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹಾಳೆ ಹಿಡಿದು, ಬಳ್ಳಿ ಕಿತ್ತದ್ದರಿಂದ ದಿಬ್ಬ ಸವೆಯಿತು ಎಂದು ಓದಿದೆ. ಅವರು ತಲೆಯಾಡಿಸಿದರು. ಆ ದಿನದ ನನ್ನ ಡೈರಿಯಲ್ಲೂ 'ಗಾಳಿ ಜೋರು' ಎಂದಷ್ಟೇ ಇದೆ.

ಎಂಬತ್ತರ ದಶಕದಲ್ಲಿ ಕಾಕಾ ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು, ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಮುಡಬಿಗೆ ಹೋದೆ. ಕಾಕಾನ ಹೆಂಡತಿ ಕಾಕು ಚಹಾ ಕೊಟ್ಟು, ನೆರೆಯವರಿಗೆ ನನ್ನನ್ನು ತೋರಿಸಿದರು.

"ಇವ್ರೇ ನೋಡ್ರಿ. ನಮ್ಮವ್ರ ತಪ್ಪು ಬುಕ್ಕಿನಾಗ ಬರದವ್ರು. ಇನ್ನ ಯಾರೂ ಆ ಬಳ್ಳಿ ಕೀಳಂಗಿಲ್ಲಂತ ಸಾಯೂತನಕ ಹೇಳ್ತಿದ್ರು. ತಮ್ಮಾ, ಅದೊಂದ್ ಸಾಲು ಓದಿ ತೋರ್ಸಪ."

ಪುಸ್ತಕ ತಂದಿಲ್ಲ ಎಂದೆ.

"ಬಾಯಿಲೆ ಹೇಳು. ನೀನ ಬರದೀಯಲ್ಲಾ," ಎಂದರು ಕಾಕು.

ಬಳ್ಳಿ ಕಿತ್ತದ್ದರಿಂದ ದಿಬ್ಬ ಸವೆಯಿತು ಎಂದು ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.